ದ್ವಿಚಕ್ರ ವಾಹನಗಳ ಸರ್ವೀಸ್: ಗ್ರಾಹಕರ ಅಪನಂಬಿಕೆಗೆ ಕಾರಣವೇನು?

ತುಮಕೂರಿನ ಬಿ.ಎಚ್. ರಸ್ತೆಯ ಷೋರೂಮಿನಲ್ಲಿ ಹೊಸ ಮೋಟಾರ್ ಸೈಕಲ್ ಕೊಂಡ ಗ್ರಾಹಕನು ವಾಹನಕ್ಕೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಸಂತೋಷದಿಂದಲೇ ಹೊರಡುತ್ತಾನೆ. ಅದೇ ಗ್ರಾಹಕನು ಉಚಿತ ಸರ್ವೀಸಿನ ಕೂಪನ್ನುಗಳು ಮುಗಿದ ಮೇಲೆ ಬಹಳ ಸಲ ಆ ಕಡೆ ತಲೆಹಾಕುವುದಿಲ್ಲ. ಗುಬ್ಬಿಯವನಾದರೆ ಊರಿನ ಪರಿಚಯದ ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋಗುತ್ತಾನೆ; ಕುಣಿಗಲ್ ಕಡೆಯ ಹಳ್ಳಿಯವನಾದರೆ ಮನೆಯ ಮುಂದೆ ಗೋಣಿಚೀಲ ಹಾಸಿಕೊಂಡು ತಾನೇ ಆಯಿಲ್ ಬದಲಿಸಲು ಕೂರುತ್ತಾನೆ. ಕಾರಣ ಕೇಳಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ. ಅಲ್ಲಿ ನೀರು ಹಾಕಿ ತೊಳೆಯುವುದಷ್ಟೇ ನಡೆಯುತ್ತದೆ, ಬಿಲ್ಲು ಮಾತ್ರ ಪೂರ್ತಿ ಬರುತ್ತದೆ ಎಂಬುದು.

ಈ ಆರೋಪವನ್ನು ಪೂರ್ತಿ ಒಪ್ಪುವಂತಿಲ್ಲ, ತಳ್ಳಿಹಾಕುವಂತೆಯೂ ಇಲ್ಲ. ಅಧಿಕೃತ ವರ್ಕ್‌ಶಾಪುಗಳಲ್ಲಿ ತರಬೇತಿ ಪಡೆದ ಕೆಲಸಗಾರರಿದ್ದಾರೆ, ಆಯಾ ಮಾದರಿಗೆ ಬೇಕಾದ ವಿಶೇಷ ಉಪಕರಣಗಳಿವೆ, ಅಸಲಿ ಬಿಡಿಭಾಗಗಳಿವೆ. ಆದರೆ ತನ್ನ ವಾಹನಕ್ಕೆ ಏನು ಮಾಡಲಾಯಿತೆಂಬುದು ಮಾಲೀಕನ ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಕೌಂಟರಿನಲ್ಲಿ ಬೀಗದ ಕೈ ಒಪ್ಪಿಸಿದರೆ ಸಂಜೆ ಬಿಲ್ಲಿನೊಡನೆ ವಾಹನ ಕೈಗೆ ಬರುತ್ತದೆ. ರಸ್ತೆ ಬದಿಯ ಮೆಕ್ಯಾನಿಕ್‌ನ ಅಂಗಡಿಯಲ್ಲಾದರೋ ಗ್ರಾಹಕನು ಸ್ಟೂಲಿನ ಮೇಲೆ ಕುಳಿತು, ಚಹಾ ಕುಡಿಯುತ್ತ, ಬಿಚ್ಚಿದ ಸ್ಪಾರ್ಕ್ ಪ್ಲಗ್ ಕಪ್ಪಾಗಿರುವುದನ್ನು ತಾನೇ ನೋಡುತ್ತಾನೆ. ಎರಡು ಕಡೆಯ ಕೆಲಸದ ಗುಣಮಟ್ಟ ಏನೇ ಇರಲಿ, ನಂಬಿಕೆ ಹುಟ್ಟುವುದು ಎರಡನೆಯ ಕಡೆಯಲ್ಲಿ.

ಸ್ವಂತ ರಿಪೇರಿಯ ಅಭ್ಯಾಸ ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿತ್ತು. ಆ ಟೂ ಸ್ಟ್ರೋಕ್ ಯಂತ್ರಗಳ ಮಾಲೀಕರಲ್ಲಿ ಕಾರ್ಬೊರೇಟರ್ ಬಿಚ್ಚಿ ಊದುವುದನ್ನೂ, ಕಾಂಟ್ಯಾಕ್ಟ್ ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜುವುದನ್ನೂ ಅರಿಯದವರು ವಿರಳ. ಇಂದು ಷೋರೂಮಿನ ಮೇಲೆ ಸಂದೇಹಪಡುವ ಯುವಕನ ತಂದೆ ಇಂತಹ ಬೈಕಿನ ಮೇಲೆಯೇ ಕೈ ಪಳಗಿಸಿಕೊಂಡಿರುವ ಸಂಭವವಿದೆ.

ಅಪನಂಬಿಕೆಯ ಮೊದಲ ಬೀಜವನ್ನು ಬಿತ್ತುವುದು "ಉಚಿತ" ಎಂಬ ಪದವೇ. ಉಚಿತ ಸರ್ವೀಸಿನಲ್ಲಿ ಉಚಿತವಾಗಿರುವುದು ಕೂಲಿ ಮಾತ್ರ. ಆಯಿಲ್, ಗ್ರೀಸ್, ಫಿಲ್ಟರ್ ಮುಂತಾದವುಗಳಿಗೆ ಹಣ ಕೊಡಬೇಕು. ಕೂಪನ್ ಪುಸ್ತಕದಲ್ಲಿ ಇದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಮಾರಾಟದ ದಿನ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜೇಬಿನಲ್ಲಿ ಪೆಟ್ರೋಲಿಗಷ್ಟೇ ಹಣವಿಟ್ಟುಕೊಂಡು ಬಂದವನ ಮುಂದೆ ನೂರಾರು ರೂಪಾಯಿಗಳ ಬಿಲ್ಲು ಇಟ್ಟರೆ ತಾನು ಮೋಸಹೋದೆನೆಂದು ಆತ ಭಾವಿಸುವುದು ಸಹಜ. ಎರಡನೆಯದು, ಕೇಳದೆಯೇ ಸೇರುವ ಬಾಬತ್ತುಗಳು. ಎಂಜಿನ್ ಫ್ಲಷ್, ಪೆಟ್ರೋಲಿಗೆ ಬೆರೆಸುವ ದ್ರವ, ಪಾಲಿಶ್, ಟೆಫ್ಲಾನ್ ಲೇಪನ. ಹೊಸ ವಾಹನದ ಮಾರಾಟದಲ್ಲಿ ಡೀಲರನಿಗೆ ಉಳಿಯುವ ಲಾಭಾಂಶ ತೆಳುವಾದುದರಿಂದ ವರ್ಕ್‌ಶಾಪಿನ ಆದಾಯವನ್ನು ಹೆಚ್ಚಿಸುವ ಒತ್ತಡ ಇದ್ದೇ ಇರುತ್ತದೆ. ವ್ಯಾಪಾರಿಯಾದವನಿಗೆ ಈ ಒತ್ತಡ ಅರ್ಥವಾಗುತ್ತದೆ; ಗ್ರಾಹಕನಿಗೆ ಅರ್ಥವಾಗಬೇಕಾದ ಅಗತ್ಯವಿಲ್ಲ.

ಈ ಲೇಖಕನ ಬೈಕಿಗೇ ಒಮ್ಮೆ ಚೈನ್ ಶುಚಿಗೊಳಿಸಿ ಲೂಬ್ ಹಾಕಿದ್ದಾಗಿ ಬಿಲ್ಲು ಬಂದಿತ್ತು. ಮನೆಗೆ ಬಂದು ಬೆರಳಿಟ್ಟು ನೋಡಿದರೆ ಚೈನ್ ಒಣಗಿತ್ತು, ಹಳೆಯ ಧೂಳೂ ಹಾಗೆಯೇ ಇತ್ತು. ಹಣ ಹೆಚ್ಚಿನದಲ್ಲ. ಆದರೆ ಅದೇ ಬಿಲ್ಲಿನಲ್ಲಿದ್ದ ಬ್ರೇಕ್ ತಪಾಸಣೆ ನಡೆದಿದೆಯೆಂದು ಅನಂತರ ನಂಬುವುದು ಹೇಗೆ?

ತಾಲ್ಲೂಕುಗಳ ಗ್ರಾಹಕರಿಗೆ ಇದರ ಮೇಲೆ ದೂರದ ಸಮಸ್ಯೆಯೂ ಸೇರುತ್ತದೆ. ಎಲ್ಲ ಕಂಪನಿಗಳ ಪೂರ್ಣ ಪ್ರಮಾಣದ ವರ್ಕ್‌ಶಾಪುಗಳು ತಾಲ್ಲೂಕು ಕೇಂದ್ರಗಳಲ್ಲಿ ಇರುವುದಿಲ್ಲ. ಗುಬ್ಬಿಯಿಂದ ತುಮಕೂರು ಸುಮಾರು 20 ಕಿ.ಮೀ.; ವಾಹನ ಬಿಟ್ಟು ಬಸ್ಸಿನಲ್ಲಿ ಮರಳಿ, ಸಂಜೆ ಮತ್ತೆ ಬಂದು ಒಯ್ಯುವಷ್ಟರಲ್ಲಿ ಅಡಿಕೆ, ಕೊಬ್ಬರಿ ವ್ಯಾಪಾರಿಯ ಒಂದು ದಿನದ ವಹಿವಾಟು ಹೋಗುತ್ತದೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವವನಿಗೆ ಬೈಕಿಲ್ಲದ ಒಂದು ಹೊತ್ತೂ ನಷ್ಟವೇ. ಸ್ಥಳೀಯ ಮೆಕ್ಯಾನಿಕ್ ಇವರನ್ನು ಅರ್ಧ ಗಂಟೆಯಲ್ಲಿ ಕಳುಹಿಸುತ್ತಾನೆ, ಹಣ ಮುಂದಿನ ವಾರ ಕೊಟ್ಟರೂ ಆಗುತ್ತದೆ.

ಹಾಗಾದರೆ ಮನೆಯಲ್ಲಿ ಯಾವ ಕೆಲಸ ಮಾಡಬಹುದು? ಎಂಜಿನ್ ಆಯಿಲ್ ಬದಲಾವಣೆ, ಏರ್ ಫಿಲ್ಟರ್ ಹಾಗೂ ಸ್ಪಾರ್ಕ್ ಪ್ಲಗ್ ಶುಚಿಗೊಳಿಸುವಿಕೆ, ಚೈನ್ ಬಿಗಿ ನೋಡುವುದು, ಕ್ಲಚ್ ಕೇಬಲ್ ಹೊಂದಿಸುವುದು, ಇಷ್ಟನ್ನು ಕೈಪಿಡಿ ಓದಬಲ್ಲ ಯಾರೂ ಮಾಡಬಹುದು. ಆದರೂ ಇಲ್ಲಿ ನಡೆಯುವ ತಪ್ಪುಗಳು ಕಡಿಮೆಯೇನಲ್ಲ. ಮೋಟಾರ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕ್ಲಚ್ ತಟ್ಟೆಗಳು ಎಂಜಿನ್ ಆಯಿಲಿನಲ್ಲಿಯೇ ಮುಳುಗಿರುತ್ತವೆ. ಆದ್ದರಿಂದ ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂಬ ಗುರುತಿರುವ ಆಯಿಲನ್ನೇ ಹಾಕಬೇಕು. ಉಳಿತಾಯವೆಂದು ಕಾರಿನ ಆಯಿಲ್ ಸುರಿದರೆ ಅದರಲ್ಲಿರುವ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿಂದ ಕ್ಲಚ್ ಜಾರಲಾರಂಭಿಸಬಹುದು. ಡ್ರೈನ್ ಬೋಲ್ಟನ್ನು ಬಲವಿದ್ದಷ್ಟೂ ಬಿಗಿಯುವುದು ಮತ್ತೊಂದು ತಪ್ಪು. ಎಂಜಿನ್ ಕೇಸು ಅಲ್ಯೂಮಿನಿಯಂನದಾದುದರಿಂದ ಥ್ರೆಡ್ ಕಿತ್ತುಹೋಗಿ ಲೇತ್ ಅಂಗಡಿಗೆ ಅಲೆಯಬೇಕಾಗುತ್ತದೆ. ಚೈನ್ ಹೆಚ್ಚು ಬಿಗಿಯಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಉಂಟು. ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಸಡಿಲ ಇರಲೇಬೇಕು, ಇಲ್ಲವಾದರೆ ಬೇರಿಂಗು ಸವೆಯುತ್ತದೆ. ನಿಖರವಾದ ಅಳತೆ ಆಯಾ ವಾಹನದ ಕೈಪಿಡಿಯಲ್ಲಿರುತ್ತದೆ.

ತೆಗೆದ ಹಳೆಯ ಆಯಿಲನ್ನು ಗೆದ್ದಲು ಹತ್ತದಿರಲೆಂದು ಬೇಲಿಯ ಗೂಟಗಳಿಗೆ ಬಳಿಯುವ ರೂಢಿ ಹಳ್ಳಿಗಳಲ್ಲಿದೆ, ನಗರದಲ್ಲಿ ಅದು ಚರಂಡಿಗೆ ಹೋಗುತ್ತದೆ. ಬಳಸಿದ ಆಯಿಲು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವ ವಸ್ತುವೆಂಬುದನ್ನು ಗ್ಯಾರೇಜಿನವರೂ ಮನೆಯಲ್ಲಿ ರಿಪೇರಿ ಮಾಡುವವರೂ ನೆನಪಿಡಬೇಕು.

ಸ್ಪ್ಯಾನರ್ ಹಿಡಿದ ಕೈ ನಿಲ್ಲಬೇಕಾದ ಗಡಿಯೊಂದಿದೆ. ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಅಥವಾ ಎರಡೂ ಚಕ್ರಗಳ ಸಂಯುಕ್ತ ಬ್ರೇಕ್ ವ್ಯವಸ್ಥೆಯು 2019ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದೊಡನೆ ಬಹುತೇಕ ಬೈಕುಗಳಲ್ಲಿ ಕಾರ್ಬೊರೇಟರಿನ ಸ್ಥಾನವನ್ನು ಫ್ಯುಯೆಲ್ ಇಂಜೆಕ್ಷನ್ ಆಕ್ರಮಿಸಿತು. ಸೆನ್ಸರಿನ ದೋಷವನ್ನು ಕಂಡುಹಿಡಿಯಲು ಸ್ಕ್ಯಾನರ್ ಬೇಕು. ಒತ್ತಡದಲ್ಲಿ ಪೆಟ್ರೋಲು ಹರಿಯುವ ಕೊಳವೆಯನ್ನು ಅರಿಯದೆ ಬಿಚ್ಚುವುದು ಬೆಂಕಿಗೆ ಆಹ್ವಾನ. ಎಬಿಎಸ್ ಇರುವ ಬ್ರೇಕಿನ ದ್ರವ ಬದಲಿಸುವುದನ್ನು ಮನೆಯ ಅಂಗಳದಲ್ಲಿ ಪ್ರಯೋಗಿಸಬಾರದು. ಅಂದರೆ ಅಪನಂಬಿಕೆಯಿದ್ದರೂ ಹೊಸ ವಾಹನದ ಮಾಲೀಕನು ವರ್ಕ್‌ಶಾಪಿಗೆ ಹೋಗದೆ ವಿಧಿಯಿಲ್ಲ. ಅವನ ಅಸಹನೆ ಈಗ ಹೆಚ್ಚಿರುವುದು ಬಹುಶಃ ಇದರಿಂದಲೇ.

ವಿದ್ಯುತ್ ಸ್ಕೂಟರುಗಳಲ್ಲಂತೂ ಮಾಲೀಕನು ಕೈಯಿಡುವ ಅವಕಾಶವೇ ಕಡಿಮೆ. 2024ರ ಸೆಪ್ಟೆಂಬರ್ 10ರಂದು ಕಲಬುರಗಿಯಲ್ಲಿ, ಹೊಸ ಸ್ಕೂಟರಿನ ರಿಪೇರಿಯಿಂದ ಬೇಸತ್ತ ಗ್ರಾಹಕನೊಬ್ಬ ಓಲಾ ಎಲೆಕ್ಟ್ರಿಕ್ ಷೋರೂಮಿಗೆ ಬೆಂಕಿ ಹಚ್ಚಿದ ಆರೋಪದ ಮೇಲೆ ಬಂಧಿತನಾದನು. ಆತ ವೃತ್ತಿಯಿಂದ ಮೆಕ್ಯಾನಿಕ್ ಎಂದು ವರದಿಯಾಗಿತ್ತು. ಕೃತ್ಯ ಖಂಡನೀಯವೇ. ಆದರೆ 2023ರ ಸೆಪ್ಟೆಂಬರಿನಿಂದ ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಆ ಕಂಪನಿಯ ವಿರುದ್ಧ 10,644 ದೂರುಗಳು ಬಂದಿದ್ದವು, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಅಕ್ಟೋಬರಿನಲ್ಲಿ ನೋಟಿಸು ನೀಡಿತು. ಶೇ. 99ಕ್ಕೂ ಹೆಚ್ಚು ದೂರುಗಳನ್ನು ಬಗೆಹರಿಸಿದ್ದೇವೆಂದು ಕಂಪನಿ ಉತ್ತರಿಸಿತು.

ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಪೂರ್ತಿ ರದ್ದಾಗುತ್ತದೆಂಬ ಮಾತು ಕೌಂಟರುಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ನೀಡಿದ ಆದೇಶ ಗಮನಾರ್ಹ. 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕ ದಂಡ ವಿಧಿಸಿದ ಆಯೋಗವು, ಬಿಡಿಭಾಗಗಳನ್ನೂ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರಕಿಸಬೇಕೆಂದೂ, ಹೊರಗಿನ ತಪ್ಪು ರಿಪೇರಿಯಿಂದ ಹಾನಿಯಾದಷ್ಟರ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದೆಂದೂ ಹೇಳಿತು. ಆದೇಶದ ವಿರುದ್ಧ ಮೇಲ್ಮನವಿಗಳಾದವು. ಅದು ಕಾರುಗಳಿಗೆ ಸಂಬಂಧಿಸಿದ್ದು, ಬೈಕುಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ; ಆದರೂ ಗಾಳಿ ಯಾವ ಕಡೆ ಬೀಸುತ್ತಿದೆಯೆಂಬುದು ತಿಳಿಯುತ್ತದೆ. ಕೇಂದ್ರ ಸರ್ಕಾರವು 2022ರ ಡಿಸೆಂಬರ್ 24ರಂದು ಆರಂಭಿಸಿದ "ರೈಟ್ ಟು ರಿಪೇರ್" ಪೋರ್ಟಲಿನ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಸೇರಿವೆ. ಇಷ್ಟಾಗಿಯೂ ವಾರಂಟಿ ಅವಧಿಯಲ್ಲಿ ನಿಗದಿತ ಸರ್ವೀಸುಗಳನ್ನು ಅಧಿಕೃತ ವರ್ಕ್‌ಶಾಪಿನಲ್ಲಿಯೇ ಮಾಡಿಸುವುದು ಕ್ಷೇಮ ಎಂಬುದು ನಮ್ಮ ಅಭಿಪ್ರಾಯ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯ ನ್ಯೂನತೆಗೆ ಜಿಲ್ಲಾ ಆಯೋಗದಲ್ಲಿ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ದೂರುದಾರನು ವಾಸಿಸುವ ಸ್ಥಳದಲ್ಲಿಯೇ ದೂರು ನೀಡಲು ಅವಕಾಶವಿರುವುದರಿಂದ, ಬೆಂಗಳೂರಿನಲ್ಲಿ ಸರ್ವೀಸ್ ಮಾಡಿಸಿದ ಕುಣಿಗಲ್ಲಿನವನು ತುಮಕೂರಿನ ಆಯೋಗಕ್ಕೇ ಬರಬಹುದು. ಸಹಾಯವಾಣಿಯ ಸಂಖ್ಯೆ 1915. ಬಿಲ್ಲು ಕೊಡದಿರುವುದೂ ಇದೇ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ಚೀಟಿಯಿಲ್ಲದೆ ಕೆಲಸ ಮಾಡುವ ಸಣ್ಣ ಗ್ಯಾರೇಜಿನವರೂ ಇದನ್ನು ಗಮನಿಸತಕ್ಕದ್ದು.

ಡೀಲರ್ ಮಿತ್ರರು ಮಾಡಬಹುದಾದ ಕೆಲಸಗಳಿಗೆ ದೊಡ್ಡ ಬಂಡವಾಳ ಬೇಕಾಗಿಲ್ಲ. ಜಾಬ್ ಕಾರ್ಡನ್ನು ಕನ್ನಡದಲ್ಲಿ ಬರೆದು, ಅಂದಾಜು ಖರ್ಚನ್ನು ಮೊದಲೇ ತಿಳಿಸಿ, ಹೆಚ್ಚಿನ ಕೆಲಸ ಬಂದಾಗ ಫೋನಿನಲ್ಲಿ ಒಪ್ಪಿಗೆ ಪಡೆಯಬಹುದು. ಬಿಚ್ಚಿದ ಹಳೆಯ ಭಾಗವನ್ನು ಕವರಿನಲ್ಲಿ ಹಾಕಿ ಗ್ರಾಹಕನ ಕೈಗೇ ಕೊಡಬಹುದು. ಕೆಲಸ ನಡೆಯುವ ಜಾಗಕ್ಕೆ ಗಾಜಿನ ಕಿಟಕಿ ಇಡಿಸಬಹುದು. ಹಳ್ಳಿಯ ಮೆಕ್ಯಾನಿಕ್‌ಗಳಿಗೆ ಅಸಲಿ ಬಿಡಿಭಾಗಗಳನ್ನು ಕೌಂಟರಿನಲ್ಲಿ ಮಾರಿದರೆ ನಕಲಿ ಮಾಲಿನ ಹಾವಳಿ ತಗ್ಗಿ ಡೀಲರಿಗೂ ವ್ಯಾಪಾರ ಉಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬೈಕಿನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅಂಗಡಿಯ ಹಳೆಯ ದಾಸ್ತಾನಿನ ದರಪಟ್ಟಿಯಲ್ಲಿ ಅದು ಕಾಣಿಸಿದೆಯೇ ಎಂದು ಸದಸ್ಯರು ಈ ವಾರವೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು, ಗ್ರಾಹಕರು ನೋಡುತ್ತಿದ್ದಾರೆ.