ಕಣತಲೆಯೊಳಗಿನ ಕಲೆ

ವಸ್ತಾರೆಯ ಆಚೆ, ಕಾಫಿ ತೋಟದ ನಡುವಿನ ಮನೆಯೊಂದನ್ನು ವಾಚಕರು ಕಲ್ಪಿಸಿಕೊಳ್ಳಲಿ. ತರಕಾರಿ ಹೆಚ್ಚುತ್ತಿದ್ದ ಮಗಳು ಥಟ್ಟನೆ ಸ್ತಬ್ಧಳಾಗುತ್ತಾಳೆ. ಹೊಟ್ಟೆಯಿಂದ ಏನೋ ಮೇಲೇರಿ ಬಂದಂತಾಗುತ್ತದೆ. ಜೊತೆಗೆ ಕಾರಣವಿಲ್ಲದ ಭಯ. ನೋಟ ಎಲ್ಲಿಯೋ ನೆಟ್ಟಿದೆ. ಬಾಯಿ ಚಪ್ಪರಿಸುತ್ತಿದೆ, ಬೆರಳುಗಳು ಸೆರಗನ್ನು ತಡಕುತ್ತಿವೆ. ಎರಡು ನಿಮಿಷ ಕಳೆದರೆ ನಡೆದುದೊಂದೂ ಅವಳಿಗೆ ನೆನಪಿಲ್ಲ. "ತೋಟದಲ್ಲಿ ಗಾಳಿ ಸೋಕಿರಬೇಕು" ಎನ್ನುತ್ತಾರೆ ಅಜ್ಜಿ. ನೊರೆಯಿಲ್ಲ, ಕೈಕಾಲು ಸೆಟೆದಿಲ್ಲ. ಇದೂ ಮೂರ್ಛೆರೋಗವೇ ಎಂದು ಯಾರಿಗೆ ತಾನೆ ಹೊಳೆದೀತು?

ಕಣತಲೆಯ ಒಳಗೆ, ಮಿದುಳಿನ ಎರಡು ಪಾರ್ಶ್ವಗಳಲ್ಲಿಯೂ, ಹಿಪ್ಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಕಡಲ್ಗುದುರೆಯನ್ನು ಹೋಲುವುದರಿಂದ ಆ ಹೆಸರು. ಹೊಸ ನೆನಪುಗಳನ್ನು ಕೂಡಿಡುವುದು ಅದರ ಕೆಲಸ. ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಅದರ ಮಗ್ಗುಲಲ್ಲೇ ಇದೆ. ಇಲ್ಲಿಯ ನರಕೋಶಗಳು ನಶಿಸಿ, ಆ ಭಾಗ ಕುಗ್ಗಿ ಗಟ್ಟಿಯಾದರೆ, ಆ ಕಲೆಯ ಸುತ್ತ ವಿದ್ಯುತ್ತಿನ ಕೋಲಾಹಲವೇಳುತ್ತದೆ. ಇಂಥ ರೋಗಿಗಳಲ್ಲಿ ಹಲವರಿಗೆ ಎಳವೆಯಲ್ಲಿ ಜ್ವರದೊಡನೆ ಬಹಳ ಹೊತ್ತು ಫಿಟ್ಸ್ ಬಂದಿರುತ್ತದೆ.

ಮನೆಯವರನ್ನು ಹೆಚ್ಚು ದಾರಿ ತಪ್ಪಿಸುವುದು ಮುಂದಿನ ಸಂಗತಿ. ಸಾಲಾಗಿ ಕೆಲವು ಸಲ ಫಿಟ್ಸ್ ಬಂದು ಹೋದ ಮೇಲೆ ರೋಗಿ ಒಂದೆರಡು ದಿನ ನೆಟ್ಟಗಿದ್ದು, ಆಮೇಲೆ ಇಲ್ಲದ ದನಿಗಳನ್ನು ಕೇಳುವುದು, ಮನೆಯವರನ್ನೇ ಸಂಶಯಿಸುವುದು ಉಂಟು. ನಡುವೆ ದಿನಗಳು ಕಳೆದಿರುವುದರಿಂದ ಎರಡಕ್ಕೂ ನಂಟಿದೆಯೆಂದು ತೋರದು. ಖಿನ್ನತೆಯಂತೂ ಇದಕ್ಕಿಂತ ಸಾಮಾನ್ಯ. ಹುಚ್ಚೆಂಬ ಸುದ್ದಿ ಹಬ್ಬಿತೆಂದರೆ ಮದುವೆಯ ಮಾತುಕತೆ ಅಲ್ಲಿಗೇ ಮುಗಿಯಿತು. ಕಾಯಿದೆಯೂ ಒಮ್ಮೆ ಹೀಗೆಯೇ ಎಣಿಸಿತ್ತು. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವನ್ನು ಮರುಕಳಿಸುವ ಹುಚ್ಚಿನ ಪಕ್ಕದಲ್ಲೇ ಕೂರಿಸಿತು. 1999ರಲ್ಲಿ ಆ ಪದವನ್ನು ತೆಗೆದುಹಾಕಲಾಯಿತು. ಕಾಯಿದೆ ಮರೆತರೂ ಬೀಗರು ಮರೆತಿಲ್ಲ!

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1974ರಲ್ಲಿ, ಅಲ್ಲಿಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ರೂಪುಗೊಂಡಿತು. ನರವೈದ್ಯರೂ ಮನೋವೈದ್ಯರೂ ಒಂದೇ ಆವರಣದಲ್ಲಿರುವುದು ಇಂಥ ರೋಗಿಗೆ ದೊಡ್ಡ ಅನುಕೂಲ. ಎಂ.ಆರ್.ಐ. ಚಿತ್ರದಲ್ಲಿ ಕಲೆ ಕಾಣುತ್ತದೆ, ಇ.ಇ.ಜಿ. ಕೋಲಾಹಲದ ಮೂಲವನ್ನು ತೋರುತ್ತದೆ. ಸರಿಯಾಗಿ ಆರಿಸಿದ ಎರಡು ಔಷಧಗಳು ಸೋತರೆ, ಆ ಭಾಗವನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದೇ ಎಂದು ವೈದ್ಯರು ಪರಿಶೀಲಿಸುತ್ತಾರೆ. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ 80 ರೋಗಿಗಳಿದ್ದರು. ಒಂದು ವರ್ಷದ ತರುವಾಯ ಪ್ರಜ್ಞೆ ತಪ್ಪಿಸುವ ಫಿಟ್ಸ್‌ನಿಂದ ಪಾರಾಗಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 58, ಬರಿಯ ಔಷಧದ ಗುಂಪಿನಲ್ಲಿ ಶೇಕಡಾ 8.

ಆದರೆ ಯಂತ್ರಗಳಿಗಿಂತ ಮೊದಲು ವೈದ್ಯರು ವಿಚಾರಿಸುವುದು ಕಣ್ಣಾರೆ ಕಂಡವರನ್ನು. ಮಗಳಿಗೆ ನೆನಪಿಲ್ಲ. ನೋಟ ಎತ್ತ ತಿರುಗಿತು, ಯಾವ ಕೈ ಆಡಿತು, ಎಷ್ಟು ಹೊತ್ತು ಎಂಬುದು ಅಜ್ಜಿಗೆ ಗೊತ್ತು. ಬೆಂಗಳೂರಿನ ಬಸ್ಸನ್ನು ಅವರೂ ಹತ್ತಬೇಕು.