ಊದಿದ ನೀರೂ ಇರಲಿ, ಮಾತ್ರೆಯೂ ತಪ್ಪದಿರಲಿ

ಘಟ್ಟ ಹತ್ತಿ ಬೆಂಗಳೂರಿಗೆ ಹೋಗುವ ನಮ್ಮವರಿಗೆ ಕುಣಿಗಲ್ ತಾಲೂಕಿನ ಯಡಿಯೂರು ಹೆದ್ದಾರಿ ಬದಿಯ ಪರಿಚಿತ ಊರು. ಫಿಟ್ಸ್ ಬರುವ ಮಕ್ಕಳನ್ನು ನಿಮ್ಹಾನ್ಸ್‌ಗೆ ಕರೆದೊಯ್ಯುವ ಕರಾವಳಿಯ ಕುಟುಂಬಗಳೂ ಈ ದಾರಿಯಲ್ಲೇ ಸಾಗುತ್ತವೆ. ಚೀಲದಲ್ಲಿ ಆಸ್ಪತ್ರೆಯ ಫೈಲು, ಪಕ್ಕದಲ್ಲಿ ಊದಿದ ನೀರಿನ ಬಾಟಲಿ, ಮಗುವಿನ ತೋಳಲ್ಲಿ ತಾಯತ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಅಪಾಯ ಶುರುವಾಗುವುದು ನೀರು ಕುಡಿಸಿದ್ದರಿಂದ ಅಲ್ಲ, ಮಾತ್ರೆ ನಿಲ್ಲಿಸಿದ್ದರಿಂದ.

ಅಪಸ್ಮಾರ ಮೆದುಳಿನ ಕಾಯಿಲೆ. ನರಕೋಶಗಳಲ್ಲಿ ವಿದ್ಯುತ್ ಸಂಚಾರ ಏರುಪೇರಾದಾಗ ಫಿಟ್ಸ್ ಬರುತ್ತದೆ. ಜಿನ್ನ್ ಹಿಡಿದದ್ದೂ ಅಲ್ಲ, ಕಣ್ಣು ತಾಗಿದ್ದೂ ಅಲ್ಲ, ಅಂಟುವುದೂ ಇಲ್ಲ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದು ಇದೆ. ಸರಿಯಾದ ಔಷಧ ಸಿಕ್ಕರೆ ಶೇ. 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗಾದರೆ 'ನೂಲು ಕಟ್ಟಿಸಿದ ಮೇಲೆ ವಾಸಿಯಾಯ್ತು' ಎಂದು ಹಿರಿಯರು ಹೇಳುವುದು ಸುಳ್ಳಾ? ಸುಳ್ಳಲ್ಲ. 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ಜೋರು ಜ್ವರ ಬಂದಾಗ ಫಿಟ್ಸ್ ಬರುವುದುಂಟು. ಇದು ಅಪಸ್ಮಾರವಲ್ಲ. ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ತಾನಾಗಿ ನಿಲ್ಲುತ್ತದೆ. ಆ ಹೊತ್ತಿಗೆ ಏನು ಮಾಡಿದ್ದೆವೋ ಅದಕ್ಕೆ ಹೆಸರು ಹೋಗುತ್ತದೆ. ಅದನ್ನೇ ನಂಬಿ ನಿಜವಾದ ಅಪಸ್ಮಾರ ಇರುವ ಮಗುವಿನ ಮಾತ್ರೆ ಬಿಡಿಸಿದರೆ, ಫಿಟ್ಸ್ ನಿಲ್ಲದೆ ಜೀವಕ್ಕೇ ಕುತ್ತು ಬರಬಹುದು.

ಎಲ್ಲಾ ಮನೆಮದ್ದೂ ನಿರಪಾಯವಲ್ಲ. ಬರೆ ಹಾಕಿದರೆ ಸಿಗುವುದು ಸುಟ್ಟ ಗಾಯ ಮಾತ್ರ. ಕರ್ಪೂರ, ನೀಲಗಿರಿ ಎಣ್ಣೆಗಳೇ ಕೆಲವರಲ್ಲಿ ಫಿಟ್ಸ್ ತರುತ್ತವೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ತಜ್ಞರು ವರದಿ ಮಾಡಿದ್ದಾರೆ. ನೆಗಡಿಗೆ ಹಚ್ಚುವ ಮುಲಾಮಿನಲ್ಲಿ ಇವು ಇವೆಯೇ ನೋಡಿಕೊಳ್ಳಿ. ಹೆಸರಿಲ್ಲದ ಪೊಟ್ಟಣದ ಪುಡಿಯಲ್ಲಿ ಫೆನೋಬಾರ್ಬಿಟೋನ್‌ನಂಥ ಇಂಗ್ಲಿಷ್ ಮದ್ದನ್ನೇ ಬೆರೆಸಿರುವುದೂ ಪತ್ತೆಯಾಗಿದೆ. ಅಳತೆ ಗೊತ್ತಿಲ್ಲದ ಮದ್ದು ಮಗುವಿನ ಹೊಟ್ಟೆಗೆ ಹೋಗುವುದು ಬೇಡ.

ಆದರೆ ಮನೆಯಲ್ಲೇ ಮಾಡಬಹುದಾದ ಒಂದು ಉಪಾಯ ನಮ್ಮ ರಾಜ್ಯಕ್ಕೆ ತುಂಬಾ ಸಲ್ಲುತ್ತದೆ. ತಲೆಗೆ ಬಿಸಿನೀರು ಹೊಯ್ದಾಗ ಬರುವ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ನಿಮ್ಹಾನ್ಸ್ ವೈದ್ಯರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅಂಥ ಮಗುವಿಗೆ ಚೊಂಬಿನಿಂದ ಸುಡುನೀರು ಹೊಯ್ಯುವ ಬದಲು ಉಗುರುಬೆಚ್ಚಗಿನ ನೀರಲ್ಲಿ ತಲೆಸ್ನಾನ ಮಾಡಿಸಿದರೆ ಎಷ್ಟೋ ಸಲ ಫಿಟ್ಸ್ ತಪ್ಪುತ್ತದೆ. ಸ್ನಾನದ ಹೊತ್ತಿಗೇ ಬರುತ್ತದೆಯೇ ಎಂದು ಗಮನಿಸಿ ವೈದ್ಯರಿಗೆ ಹೇಳಿ.

ದೀನ್ ಏನು ಹೇಳುತ್ತದೆ? ಫಿಟ್ಸ್ ಬರುತ್ತಿದ್ದ ಮಹಿಳೆಯೊಬ್ಬರು ಪ್ರವಾದಿ(ಸ)ರ ಬಳಿ ದುಆ ಕೇಳಲು ಬಂದ ಘಟನೆ ಬುಖಾರಿಯಲ್ಲಿದೆ. ಪ್ರವಾದಿ(ಸ) ಅವರನ್ನು ಬೈಯಲಿಲ್ಲ, ದೂರ ಇಡಲಿಲ್ಲ. ತಾಳ್ಮೆಗೆ ಸ್ವರ್ಗದ ಸುವಾರ್ತೆ ಕೊಟ್ಟರು, ಫಿಟ್ಸ್ ಬಂದಾಗ ಅವರ ಮೈ ತೆರೆದುಕೊಳ್ಳದಿರಲಿ ಎಂದು ದುಆ ಮಾಡಿದರು. ಚಿಕಿತ್ಸೆ ಪಡೆಯಿರಿ ಎಂದು ಹೇಳಿದವರೂ ಅವರೇ. ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ತಮ್ಮ ವೈದ್ಯಗ್ರಂಥದಲ್ಲಿ ಅಪಸ್ಮಾರದ ಬಗ್ಗೆ ಬರೆದಿದ್ದರು. ಹೆಣ್ಣುಮಗುವಿನ ಮದುವೆಗೆ ತೊಂದರೆಯಾದೀತೆಂದು ಕಾಯಿಲೆಯನ್ನು ಮುಚ್ಚಿಟ್ಟು ಗುಟ್ಟಾಗಿ ಮದ್ದು ಹುಡುಕುವುದರಿಂದ ಕಳೆದುಹೋಗುವುದು ಮಗುವಿನ ವರ್ಷಗಳು.

ಚಿಕಿತ್ಸೆ ದುಬಾರಿಯೇ ಆಗಬೇಕೆಂದಿಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ರೋಗಿಗಳ ಫಿಟ್ಸ್ ಹತೋಟಿಗೆ ತಂದರು. ಆ ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಫಿಟ್ಸ್ ಬಂದರೆ ಮಗುವನ್ನು ಒಂದು ಬದಿಗೆ ಮಲಗಿಸಿ. ಅದುಮಿ ಹಿಡಿಯಬೇಡಿ. ಕೈಗೆ ಕಬ್ಬಿಣ, ಮೂಗಿಗೆ ಚಪ್ಪಲಿ, ಬಾಯಿಗೆ ಚಮಚ, ನೀರು ಯಾವುದೂ ಬೇಡ. ಗಡಿಯಾರ ನೋಡಿ, 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ. ಫಿಟ್ಸ್ ನಿಂತು ಸಾಮಾನ್ಯವಾಗಿ ಕನಿಷ್ಠ 2 ವರ್ಷ ಕಳೆದ ಮೇಲೆಯೇ ವೈದ್ಯರು ಮಾತ್ರೆ ಕಡಿಮೆ ಮಾಡುವ ಯೋಚನೆ ಮಾಡುತ್ತಾರೆ. ಬೇರೆ ಯಾವ ಮದ್ದು ಕೊಡುತ್ತಿದ್ದರೂ ಅವರಿಗೆ ಅಡಗಿಸದೆ ಹೇಳಿ. ದುಆ ಮಾಡಿಸಲು ಹೋದಾಗ ಉಸ್ತಾದರಿಗೂ ಮಾತ್ರೆಯ ವಿಷಯ ತಿಳಿಸಿ. 'ಮಾತ್ರೆ ಬಿಡಬೇಡಿ' ಎಂದು ಉಸ್ತಾದರು ಹೇಳಿದ ಒಂದು ಮಾತನ್ನು ಮನೆಯವರೆಲ್ಲ ಕೇಳುತ್ತಾರೆ.