ಬಾಗಿಲ ಬಳಿಯ ಕೈಕುಲುಕು

ಭಾನುವಾರದ ಆರಾಧನೆ ಮುಗಿದ ಮೇಲೆ ಪಾಸ್ಟರ್ ಚರ್ಚಿನ ಬಾಗಿಲ ಬಳಿ ಬಂದು ನಿಲ್ಲುತ್ತಾರೆ. ಹೊರಡುವವರು ಒಬ್ಬೊಬ್ಬರಾಗಿ ಕೈಕುಲುಕುತ್ತಾರೆ. ಒಬ್ಬರಿಗೆ ಮಗಳ ಮದುವೆಯ ಚಿಂತೆ, ಇನ್ನೊಬ್ಬರಿಗೆ ನಾಳೆಯ ಆಪರೇಷನ್ನಿನ ಭಯ. ಅದನ್ನು ಅರ್ಧ ನಿಮಿಷದಲ್ಲಿ ಪಾಸ್ಟರ್ ಕಿವಿಗೆ ಹಾಕಿ, ಹಗುರಾಗಿ ಮೆಟ್ಟಿಲಿಳಿಯುತ್ತಾರೆ. ಇಷ್ಟು ಕೈಗಳನ್ನು ಮುಟ್ಟಿದ ಮನುಷ್ಯ ಒಂಟಿ ಎಂದರೆ ನಂಬುವುದು ಕಷ್ಟ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2008ರಲ್ಲಿ ನಾರ್ತ್ ಕೆರೊಲಿನಾದ ಮೆಥಡಿಸ್ಟ್ ಪಾಸ್ಟರುಗಳ ಆರೋಗ್ಯ ಸಮೀಕ್ಷೆ ಮಾಡಿದರು. ಫೋನಿನಲ್ಲಿ ಉತ್ತರಿಸಿದವರಲ್ಲಿ ಶೇ 8.7 ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ದೇಶದ ಸರಾಸರಿ ಶೇ 5.5. ಖಿನ್ನತೆಯ ಜೊತೆ ಕಾಣಿಸಿಕೊಂಡದ್ದು ಕೆಲಸದ ಒತ್ತಡವಷ್ಟೇ ಅಲ್ಲ. ಎಷ್ಟು ದುಡಿದರೂ ಸಾಲಲಿಲ್ಲ ಎಂಬ ಅಪರಾಧಿ ಭಾವ ಇತ್ತು, ದೇವರು ನನ್ನನ್ನು ಈ ಸೇವೆಗೆ ನಿಜವಾಗಿ ಕರೆದನೇ ಎಂಬ ಅನುಮಾನವೂ ಇತ್ತು. ಈ ಅನುಮಾನವನ್ನು ಹೇಳಿಕೊಳ್ಳುವುದು ಯಾರ ಹತ್ತಿರ? ಸಭೆಯವರ ಮುಂದೆ ಆಡುವ ಮಾತಲ್ಲ. ಅವರ ಗುಟ್ಟುಗಳನ್ನು ಕಾಪಾಡಬೇಕಾದವರು ತಮ್ಮ ಗುಟ್ಟನ್ನು ಅವರಿಗೆ ಕೊಡುವುದು ಹೇಗೆ? ಮೇಲಿನವರಿಗೆ ಹೇಳೋಣವೆಂದರೆ ಮುಂದಿನ ನೇಮಕ ಅವರ ಕೈಯಲ್ಲಿ. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪಾಲಕರಿಗೂ ವರ್ಗಾವಣೆಯ ಬದುಕು ಗೊತ್ತು. ಊರು ತಮ್ಮದಾಯಿತು ಅನ್ನುವ ಹೊತ್ತಿಗೆ ಗಂಟುಮೂಟೆ ಕಟ್ಟಬೇಕು.

ಒಂಟಿತನವೂ ಹಸಿವು, ಬಾಯಾರಿಕೆಗಳಂತೆ ದೇಹ ಕೊಡುವ ಎಚ್ಚರಿಕೆ ಎಂದು ವಾದಿಸಿದವರು ಶಿಕಾಗೊ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾನ್ ಕಚಿಯೊಪ್ಪೊ. ಹಿಂಡಿನಿಂದ ದೂರವಾದ ಜೀವಿಗೆ ಅಪಾಯ ಹೆಚ್ಚು. ಹಾಗಾಗಿ ಒಂಟಿಯೆನಿಸಿದ ಮಿದುಳು ಸದಾ ಕಾವಲು ಕಾಯುತ್ತದೆ, ರಾತ್ರಿಯ ನಿದ್ದೆಯೂ ತುಂಡುತುಂಡಾಗುತ್ತದೆ. ಅದು ಸುತ್ತಲಿನ ತಲೆ ಎಣಿಸುವುದಿಲ್ಲ. ನನ್ನ ಬೆನ್ನಿಗೆ ಯಾರಿದ್ದಾರೆ ಎಂದು ಹುಡುಕುತ್ತದೆ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು 2006ರಲ್ಲಿ ಪ್ರಕಟವಾದ, ಮನೋವಿಜ್ಞಾನಿ ಜೇಮ್ಸ್ ಕೋನ್ ಮತ್ತು ಸಂಗಡಿಗರ ಪ್ರಯೋಗ. 16 ಮಂದಿ ವಿವಾಹಿತ ಮಹಿಳೆಯರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಹಿಮ್ಮಡಿಯ ಹತ್ತಿರ ತಂತಿ ಜೋಡಿಸಿ, ಸಣ್ಣ ಶಾಕ್ ಹೊಡೆಯಬಹುದೆಂದು ಪರದೆಯಲ್ಲಿ ಸೂಚನೆ ಕೊಡುತ್ತಿದ್ದರು. ಒಮ್ಮೆ ಕೈ ಹಿಡಿಯಲು ಯಾರೂ ಇಲ್ಲ, ಒಮ್ಮೆ ಅಪರಿಚಿತರ ಕೈ, ಒಮ್ಮೆ ಗಂಡನ ಕೈ. ಅಪರಿಚಿತರ ಕೈ ಹಿಡಿದಾಗಲೂ ಮಿದುಳಿನ ಆತಂಕದ ಪ್ರತಿಕ್ರಿಯೆ ತುಸು ತಗ್ಗಿತು. ಗಂಡನ ಕೈ ಹಿಡಿದಾಗ ಇನ್ನಷ್ಟು ತಗ್ಗಿತು, ದಾಂಪತ್ಯ ಚೆನ್ನಾಗಿದ್ದವರಲ್ಲಂತೂ ಮತ್ತೂ ಹೆಚ್ಚು. ಅಂದರೆ ಬಾಗಿಲ ಬಳಿಯ ಆ ಕೈಕುಲುಕುಗಳು ವ್ಯರ್ಥವಲ್ಲ, ಆದರೆ ಅಷ್ಟೇ ಸಾಕಾಗುವುದೂ ಇಲ್ಲ.

ಸಾಕಾಗುವಂಥದ್ದನ್ನು ಕಟ್ಟಿಕೊಳ್ಳಲು ಆಗದ್ದೇನಲ್ಲ. ಬೇರೆ ಬೇರೆ ಸಭೆಗಳ ನಾಲ್ಕೈದು ಪಾಸ್ಟರುಗಳು ತಿಂಗಳಿಗೊಮ್ಮೆ ಒಂದು ಮನೆಯಲ್ಲಿ ಸೇರಲಿ, ಊಟ ಮಾಡಲಿ. ಅಲ್ಲಿ ಪ್ರಸಂಗ ಬೇಡ, ವರದಿ ಬೇಡ. ಒಬ್ಬರ ಸಂಬಳ, ವರ್ಗಾವಣೆ ಇನ್ನೊಬ್ಬರ ಕೈಯಲ್ಲಿ ಇರಬಾರದು. ಈ ತಿಂಗಳು ನನಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ ಎಂದು ಒಬ್ಬರು ಹೇಳಿದರೆ ಉಳಿದವರು ಬೆಚ್ಚದೆ ಕೇಳಿಸಿಕೊಳ್ಳಬೇಕು. ಸಭೆಯವರೂ ಆ ದಿನವನ್ನು ರಜೆ ಎನ್ನದೆ ಸೇವೆಯ ಭಾಗವೆಂದೇ ಲೆಕ್ಕ ಹಿಡಿಯಬೇಕು.

ಬೈಬಲಿನ ವಿಮೋಚನಕಾಂಡದ ರೆಫೀದೀಮಿನ ಯುದ್ಧ ಪಾಸ್ಟರುಗಳಿಗೆ ಬಾಯಿಪಾಠ. ತನ್ನವರ ಗೆಲುವಿಗಾಗಿ ಎತ್ತಿದ ಮೋಶೆಯ ಕೈ ಸೋತು ಇಳಿಯತೊಡಗಿದಾಗ ಆರೋನನೂ ಹೂರನೂ ಎರಡೂ ಕಡೆ ನಿಂತು ಹೊತ್ತು ಮುಳುಗುವ ತನಕ ಆ ಕೈಗಳಿಗೆ ಆಸರೆ ಕೊಟ್ಟರು. ಅದಕ್ಕೂ ಮೊದಲು ಅವನಿಗೆ ಕೂರಲು ಒಂದು ಕಲ್ಲು ತಂದಿಟ್ಟಿದ್ದರು.